ಜಪಾನ್ ಮಾಲಿನ ಮುಷ್ಟಿ

ಅವನ್ನು ಯಾರಾದರೂ ಆಟಿಗೆ ಸಾಮಾನು ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಆಟಿಗೆ ಸಾಮಾನು ಎಂದರೆ ಗಿಲಕಿ, ಪೀಪಿ, ಬುಗುರಿ. ನಾನು ಕೂಡಿಸಿಟ್ಟದ್ದು ಅದಲ್ಲ. ನೋಡಿದರೆ ಬೆಂಕಿ ಆರಿಸುವ ಗಾಡಿ. ಏಣಿ ಹಿಂದಕ್ಕೆ ಮಡಚಿ, ಬಾಗಿಲು ಹೊರಳಿಸಿ, ಗಾಲಿ ಒಳಗೆ ಸರಿಸಿ, ಹೀಗೆ ಹತ್ತೊಂಬತ್ತು ಪಟ್ಟು ಹಾಕುವಷ್ಟರಲ್ಲಿ ಅದು ಎರಡು ಕಾಲಿನ ಮೇಲೆ ನಿಂತ ರೋಬೋ. ಅದೇ ಹತ್ತೊಂಬತ್ತನ್ನು ಹಿಂದುಮುಂದಾಗಿ ಮಾಡಿದರೆ ಮತ್ತೆ ಗಾಡಿ. ಒಂದು ಪಟ್ಟು ತಪ್ಪಿದರೆ ಏಣಿ ಕಟಕ್ಕನೆ ಮುರಿಯುತ್ತದೆ. ಇದು ಮಕ್ಕಳ ಕೈಗೆ ಕೊಡುವ ವಸ್ತುವಲ್ಲ ಎಂದು ನಮ್ಮವ್ವ ಸುಂದರಾಬಾಯಿಗೆ ಎಷ್ಟು ಸಲ ಹೇಳಿದರೂ ಅಷ್ಟೇ. ಗೋಕಾಕದ ನಮ್ಮ ಮನೆಗೆ ಬಂದವರಿಗೆಲ್ಲ ಆಕೆ, ನಮ್ಮ ಜಿನದತ್ತ ಮೂವತ್ತಾದರೂ ಗಾಡಿ ಆಡುತ್ತಾನೆ ಎಂದು ಹೇಳಿ ನಗುತ್ತಿದ್ದಳು.

ಆಮೇಲೆ ಮುಚ್ಚಿಟ್ಟ ಅನ್ನಿಸಿಕೊಳ್ಳುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ನನ್ನ ಬಳಿ ಇದ್ದ ನಾಲ್ಕು ನಮೂನೆಯ ಗಾಡಿಗಳಲ್ಲಿ ಒಂದು ಕದ್ದದ್ದು. ಕದ್ದದ್ದು ಹುಕ್ಕೇರಿಯ ಕಾಶಿನಾಥನಿಂದ, ಅವನು ಹಾಸಿಗೆ ಹಿಡಿದಿದ್ದಾಗ. ಅವನು ಕಣ್ಣು ಮುಚ್ಚುವುದರೊಳಗೆ ಅದನ್ನು ಅವನೆದುರು ಬಾಯಿಬಿಟ್ಟು ಹೇಳಬೇಕಾಗಿತ್ತು. ಎರಡೂವರೆ ವರ್ಷಕ್ಕೂ ಹೆಚ್ಚು ಸಮಯ ಸಿಕ್ಕಿತ್ತು ನನಗೆ.

ಒಂದೇ ಅಚ್ಚಿನ ಗಾಡಿಯನ್ನು ಒಂದೊಂದು ದೇಶಕ್ಕೆ ಒಂದೊಂದು ನಮೂನೆ ಮಾಡಿ ಬಿಡುತ್ತಿದ್ದರು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಹುಚ್ಚೆಲ್ಲ ಇದ್ದದ್ದು ಆ ಫರಕಿನಲ್ಲೇ. ಜಪಾನ್ ಮಾಲಿಗೆ ಎದೆ ಲೋಹದ್ದು, ಗಾಲಿಗೆ ರಬ್ಬರು, ಬಲಗೈಯೊಳಗೆ ಗಟ್ಟಿ ಸ್ಪ್ರಿಂಗು. ಭುಜದ ಕೆಳಗಿನ ಕರಿ ಗುಂಡಿ ಒತ್ತಿದರೆ ಮುಷ್ಟಿ ಕಳಚಿಕೊಂಡು ಹಾರಿ ಎದುರಿನ ಗೋಡೆಗೆ ಟಕ್ಕನೆ ಬಡಿಯುತ್ತಿತ್ತು. ಅಮೆರಿಕದ ಮಾಲಿನಲ್ಲಿ, ಹುಡುಗರ ಕಣ್ಣಿಗೆ ಬಡಿದೀತೆಂದು ಸ್ಪ್ರಿಂಗು ಮೆತ್ತಗೆ ಮಾಡಿದ್ದರು. ಮುಷ್ಟಿ ಗೇಣುದ್ದ ಹೋಗಿ ಬೀಳುತ್ತಿತ್ತು. ಯುರೋಪಿನದರ ಡಬ್ಬಿಯ ಮೇಲೆ ಐದು ಭಾಷೆ, ಲೋಹ ಇರಬೇಕಾದಲ್ಲಿ ಪ್ಲಾಸ್ಟಿಕ್ಕು. ಇನ್ನು ನಮ್ಮ ಭಾರತದ ಮಾಲಿನ ಕತೆ ಕೇಳಬೇಡಿ. ಎದೆ ಪ್ಲಾಸ್ಟಿಕ್ಕು, ಗಾಲಿ ಪ್ಲಾಸ್ಟಿಕ್ಕು, ಕೆಂಪು ಹೋಗಿ ಕೇಸರಿಗೆ ತಿರುಗಿದ ಬಣ್ಣ, ಸ್ಪ್ರಿಂಗೇ ಇಲ್ಲ. ಗುಂಡಿ ಮಾತ್ರ ಇತ್ತು. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿತ್ತು, ಮುಷ್ಟಿ ಅಲ್ಲೇ ಇರುತ್ತಿತ್ತು.

ಕಾಶಿನಾಥ ನನಗೆ ಸಿಕ್ಕಿದ್ದು ತೊಂಬತ್ತಾರರಲ್ಲಿ, ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ. ನಾನು ಅಲ್ಲಿ ಉಗ್ರಾಣದ ಕಾರಕೂನ. ದಿನಾ ಗೋಕಾಕದಿಂದ ಬಸ್ಸಿನಲ್ಲಿ ಹೋಗಿ ಕತ್ತರಿ, ಪಂಪು, ಬೀಜದ ಪಾಕೀಟು ಎಣಿಸಿಕೊಡುವ ಕೆಲಸ. ಅವನು ಮೊದಲ ವರ್ಷದ ವಿದ್ಯಾರ್ಥಿ, ನನಗಿಂತ ಆರೇಳು ವರ್ಷ ಸಣ್ಣವನು. ಒಂದು ದಿನ ಕಸಿ ಚಾಕು ತಗೊಳ್ಳಲು ಬಂದವನು ನನ್ನ ಮೇಜಿನ ಮೇಲಿದ್ದ ಯುರೋಪಿನ ಗಾಡಿಯನ್ನು ನೋಡಿ ಚಾಕು ಮರೆತ. ಎತ್ತಿಕೊಳ್ಳಲೇ ಎಂದು ಕೇಳಿದ. ಹುಷಾರು ಎನ್ನುವುದರೊಳಗೆ ಹತ್ತೊಂಬತ್ತು ಪಟ್ಟನ್ನೂ ಸರಸರ ಹಾಕಿ ರೋಬೋ ನಿಲ್ಲಿಸಿ, ಇದರ ಎದೆ ಹಗುರ ಅಲ್ಲವೇ ಎಂದ. ನನ್ನ ಜೀವಮಾನದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯ ಮನುಷ್ಯ ಅವನು. ಮಾರನೆಯ ವಾರ ಹುಕ್ಕೇರಿಯಿಂದ ಬರುವಾಗ ಟವೆಲಿನಲ್ಲಿ ಸುತ್ತಿ ಅವನದನ್ನು ತಂದ. ಜಪಾನ್ ಮಾಲು. ಹಡಗಿನಲ್ಲಿ ಅಡಿಗೆ ಮಾಡುತ್ತಿದ್ದ ಅವನ ಸೋದರಮಾವ ಉದ್ದಪ್ಪ, ಕಾಶಿನಾಥ ಎಂಟು ವರ್ಷದವನಿದ್ದಾಗ ತಂದುಕೊಟ್ಟದ್ದಂತೆ. ಕೈಯಲ್ಲಿ ಹಿಡಿದರೆ ಸೇರುಕಲ್ಲಿನ ಭಾರ. ಮುಷ್ಟಿ ಹಾರಿಸಿ ತೋರಿಸಿದ. ಅದು ಹೋಗಿ ಯೂರಿಯಾ ಚೀಲಗಳ ಹಿಂದೆ ಬಿದ್ದು, ನಾವಿಬ್ಬರೂ ಅರ್ಧ ತಾಸು ಹುಡುಕಿದೆವು. ಅಂದಿನಿಂದ ಅವನು ನನಗೆ ಕಾಶಿ, ನಾನು ಅವನಿಗೆ ದತ್ತಣ್ಣ.

ತೊಂಬತ್ತೆಂಟರಲ್ಲಿ ಒಂದು ಭಾನುವಾರ ಮೂಡಲಗಿಗೆ ಹೋಗಿದ್ದೆವು. ಅಲ್ಲಿ ಗುಡ್ಡಪ್ಪ ಎಂಬವರ ಪುಸ್ತಕದ ಅಂಗಡಿಯ ಅಟ್ಟದ ಮೇಲೆ ಭಾರತದ ಮಾಲು ಮಾರಾಟವಾಗದೆ ಬಿದ್ದಿದೆ ಎಂದು ಯಾರೋ ಹೇಳಿದ್ದರು. ಹೇಳಿದ್ದು ಖರೆ. ಧೂಳು ಹಿಡಿದ ಐದು ಡಬ್ಬಿ. ಗುಡ್ಡಪ್ಪನವರು ನಮ್ಮ ಮುಖ ನೋಡಿ, ಮಕ್ಕಳು ಎಷ್ಟು ದೊಡ್ಡವು ಎಂದು ಕೇಳಿದರು. ಕಾಶಿ ನನ್ನ ಕಡೆ ಕೈ ತೋರಿಸಿ, ಇದೇ ಮಗು ರೀ, ಬಹಳ ಹಟಮಾರಿ ಎಂದ. ಐದನ್ನೂ ನಾನೇ ತಗೊಂಡೆ, ಒಂದು ಅವನಿಗೆ ಕೊಡಹೋದರೆ ಬೇಡವೆಂದ. ಅವನಿಗೆ ತನ್ನ ಒಂದೇ ಸಾಕಾಗಿತ್ತು. ಫರಕು ನೋಡುವುದು, ವಹಿಯಲ್ಲಿ ಬರೆಯುವುದು ಅಂದರೆ ಜೀವ. ತನ್ನದಾಗಿಸಿಕೊಳ್ಳುವ ಚಟ ಇರಲಿಲ್ಲ. ಆ ಚಟವೆಲ್ಲ ನನ್ನದು. ಬರುವಾಗ ಬಸ್ಸಿನ ಮೆಟ್ಟಿಲು ಹತ್ತುವಾಗ ಅವನು ಎರಡು ಸಲ ಎಡವಿದ. ಬೂಟು ಜಾರಿತು ಎಂದ, ನಾನೂ ನಂಬಿದೆ.

ಬೂಟು ಜಾರಿದ್ದಲ್ಲ. ಮುಂದಿನ ವರ್ಷ ಅವನು ಹಾಸ್ಟೆಲಿನ ಮೆಟ್ಟಿಲ ಮೇಲೆ ಬಿದ್ದ, ಮಿರಜಿಗೆ ಕರೆದೊಯ್ದರು. ಸ್ನಾಯು ಕರಗುತ್ತಾ ಹೋಗುವ ಬೇನೆ, ಔಷಧ ಇಲ್ಲ ಎಂದರು ಡಾಕ್ಟರು. ಕಾಲೇಜು ಬಿಟ್ಟ. ಮೊದಲು ಕಾಲು ಹೋದವು, ಆಮೇಲೆ ಕೈ. ಹುಕ್ಕೇರಿಯ ಅವರ ಮನೆಯ ಪಡಸಾಲೆಯಲ್ಲಿ ಅವನಿಗೆ ಮಲಗಲು ಒಂದು ಕಬ್ಬಿಣದ ಕಾಟು ಹಾಕಿದರು. ಅವನ ಅವ್ವ ಗೌರವ್ವ ಹೊಲಿಗೆ ಮಶಿನ್ನನ್ನು ಒಳಕೋಣೆಯಿಂದ ತಂದು ಕಾಟಿನ ಬಾಜೂಕೇ ಇಟ್ಟುಕೊಂಡಳು. ಊರಿನ ಹೆಂಗಸರ ಕುಪ್ಪಸ ಹೊಲಿಯುತ್ತಲೇ ಮಗನಿಗೆ ನೀರು ಕುಡಿಸುವುದು, ಮಗ್ಗುಲು ಹೊರಳಿಸುವುದು. ಅಪ್ಪ ವೀರಪ್ಪ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆ ಏಳಕ್ಕೆ ಬರುವವರು, ತಂಗಿ ಶಿವಾನಿ ಸಾಲಿಗೆ ಹೋಗುವವಳು. ಕಾಟಿನ ಎದುರಿನ ಗೋಡೆಗೆ ಕ್ಯಾಲೆಂಡರು, ಕಾಟಿನ ಪಕ್ಕದ ಗೋಡೆಯ ಗೂಡಿನಲ್ಲಿ ಆ ಗಾಡಿ, ರೋಬೋ ರೂಪದಲ್ಲಿ ನಿಂತುಕೊಂಡು. ನಾನು ತಿಂಗಳಿಗೆ ಎರಡು ಸಲ, ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಅವನು ಹೇಳುತ್ತಿದ್ದ, ನಾನು ವಹಿಯಲ್ಲಿ ಬರೆಯುತ್ತಿದ್ದೆ: ಅಮೆರಿಕದ ಏಣಿಗೆ ಹನ್ನೊಂದು ಮೆಟ್ಟಿಲು, ಜಪಾನಿನದಕ್ಕೆ ಹನ್ನೆರಡು.

ಅಷ್ಟರಲ್ಲಿ ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದೆ ಇಂಟರ್‌ನೆಟ್ ಅಂಗಡಿ ಶುರುವಾಯಿತು. ನನ್ನಂಥ ಹುಚ್ಚರು ಭೂಮಿಯ ಮೇಲೆ ನೂರಾರು ಜನ ಇದ್ದಾರೆ ಎಂದು ಅಲ್ಲಿ ಗೊತ್ತಾಯಿತು. ನಾವು ಮೂಗು ಮುರಿಯುವ ಭಾರತದ ಮಾಲಿಗೆ ಅವರು ಬಾಯಿ ಬಾಯಿ ಬಿಡುತ್ತಿದ್ದರು. ಒಂದನ್ನು ಹಾಲೆಂಡಿನ ಒಬ್ಬನಿಗೆ ಕಳಿಸಿದೆ, ಜೊತೆಗೆ ನಮ್ಮೂರ ಚಿತ್ರಗಾರರು ಮಾಡುವ ಕಟ್ಟಿಗೆಯ ಬಾಳೆಹಣ್ಣು, ಬದನೇಕಾಯಿ. ಅವನು ಅಮೆರಿಕದ ಮಾಲು ಕಳಿಸಿದ. ಹೀಗೆ ನನ್ನಲ್ಲಿ ಮೂರು ದೇಶದ್ದು ಕೂಡಿದವು. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಫೋಟೋ ಹಾಕಿದವರು ಜಗತ್ತಿನಲ್ಲಿ ಮೂವರೋ ನಾಲ್ವರೋ ಇದ್ದರು. ನನಗೆ ಅನ್ನ ಸೇರದಂತಾಯಿತು. ಜಪಾನ್ ಮಾಲು ಇಪ್ಪತ್ತು ಮೈಲಿ ಆಚೆ ಹುಕ್ಕೇರಿಯ ಗೂಡಿನಲ್ಲಿ ನಿಂತಿದೆ, ಅದರ ಒಡೆಯನಿಗೆ ಅದನ್ನು ಎತ್ತಲೂ ಆಗುವುದಿಲ್ಲ!

ಕೇಳಲಿಲ್ಲವೆಂದಲ್ಲ, ಕೇಳಿದೆ. ಅದರ ಬದಲಿಗೆ ಎರಡು ಗಾಡಿ ಕೊಡುತ್ತೇನೆ ಎಂದೆ, ಮೂರು ಎಂದೆ. ಬೇರೆ ಏನು ಬೇಕಾದರೂ ಒಯ್ಯಿ, ಅದೊಂದನ್ನು ಬಿಡು ಎಂದ ಕಾಶಿ. ಬೇಜಾರಿಲ್ಲದೆ, ನಕ್ಕೇ ಹೇಳಿದ. ನನಗೆ ಸಿಟ್ಟು ಬಂತು. ಗುಂಡಿ ಒತ್ತಲು ಹೆಬ್ಬೆರಳಿನಲ್ಲಿ ತ್ರಾಣವಿಲ್ಲದವನಿಗೆ ಜಪಾನಿನದಾದರೇನು, ಮೂಡಲಗಿಯದಾದರೇನು ಎಂದು ಬಸ್ಸಿನುದ್ದಕ್ಕೂ ಒಳಗೊಳಗೇ ಬೈದುಕೊಂಡು ಬಂದೆ. ಧುಪದಾಳದ ಒಡ್ಡಿನ ನೀರು ಕಾಣುವಷ್ಟರಲ್ಲಿ ಆ ಬೈಗುಳ ಒಂದು ಯುಕ್ತಿಯಾಗಿತ್ತು.

ಎರಡು ಸಾವಿರದ ಒಂದನೆಯ ಇಸವಿ, ಮೇ ತಿಂಗಳು. ನಾಲ್ಕರ ಫೋಟೋ ತೆಗೆಯುತ್ತೇನೆ, ಹದಿನೈದು ದಿನ ಕೊಡು ಎಂದು ಕೇಳಿದೆ.

‘ಒಯ್ಯಿ, ದತ್ತಣ್ಣ. ಕೇಳೂದೇನೈತಿ,’ ಎಂದ ಕಾಶಿ.

ಆ ಹದಿನೈದು ದಿನ ನಾನು ಪಟ್ಟ ಶ್ರಮವನ್ನು ಒಳ್ಳೆಯ ಕೆಲಸಕ್ಕೆ ಪಟ್ಟಿದ್ದರೆ ಯಾರಾದರೂ ಶಾಲು ಹೊದಿಸುತ್ತಿದ್ದರು. ಮೂಡಲಗಿಯ ಮಾಲನ್ನು ಬಿಚ್ಚಿ, ಎದೆಯೊಳಗೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ತುಂಬಿ ತೂಕ ಸರಿಮಾಡಿದೆ. ಚಿತ್ರಗಾರರ ಓಣಿಗೆ ಹೋಗಿ, ಕಟ್ಟಿಗೆಯ ಟೊಮೇಟೊಕ್ಕೆ ಬಳಿಯುವ ಕೆಂಪನ್ನೇ ಬೇಡಿ ತಂದು ಮೂರು ಕೈ ಬಳಿದೆ. ಎದೆಗೆ ಬೆಳ್ಳಿಬಣ್ಣ. ಸೈಕಲ್ ಟ್ಯೂಬು ಕತ್ತರಿಸಿ ಗಾಲಿಗೆ ತೊಡಿಸಿದೆ. ಚೀಟಿಗಳನ್ನು ನಕಲು ತೆಗೆಸಿ ಅಂಟಿಸಿದೆ. ಏಣಿಗೆ ಹನ್ನೆರಡನೆಯ ಮೆಟ್ಟಿಲನ್ನು ಕೂಡ ಸೂಜಿಯಿಂದ ಮಾಡಿದೆ. ಆಗದೆ ಉಳಿದದ್ದು ಮುಷ್ಟಿ ಒಂದೇ. ಆ ಕೈಯೊಳಗೆ ಸ್ಪ್ರಿಂಗಿಗೆ ಜಾಗವೇ ಬಿಟ್ಟಿರಲಿಲ್ಲ. ಇರಲಿ, ಅವನ ಕೈಲಿ ಒತ್ತಲಿಕ್ಕೆ ಆಗುವುದಿಲ್ಲವಲ್ಲ ಎಂದುಕೊಂಡೆ. ಒತ್ತಲಾರದವನ ಬೆರಳೇ ನನ್ನ ಧೈರ್ಯ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಆಗ ಆಗಲಿಲ್ಲ.

ಜೂನಿನಲ್ಲಿ ಒಯ್ದು ಗೂಡಿನಲ್ಲಿ ನಿಲ್ಲಿಸಿದೆ. ಕಾಶಿ ದಿಂಬಿನ ಮೇಲಿಂದಲೇ ಬಹಳ ಹೊತ್ತು ನೋಡಿದ. ಕ್ಯಾಲೆಂಡರಿನ ಕಡೆ ಸ್ವಲ್ಪ ಹೊರಳಿಸಿ ಇಡು ಎಂದ, ಹೊರಳಿಸಿದೆ. ಫೋಟೋ ಹೆಂಗೆ ಬಂತು ಎಂದು ಕೇಳಿದ, ತೋರಿಸಿದೆ. ನಾಲ್ಕೂ ಸಾಲಾಗಿ ನಿಂತದ್ದನ್ನು ನೋಡಿ ಅವನಿಗೆ ನನಗಿಂತ ಹೆಚ್ಚು ಖುಷಿಯಾಯಿತು. ನಾನು ಬಸ್ಸು ಹತ್ತಿ ಹಗುರಾಗಿ ಊರಿಗೆ ಬಂದೆ.

ನಮ್ಮ ಜೈನರಲ್ಲಿ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿ ಎಂದು ಮಾಡುತ್ತೇವೆ. ಬಸದಿಯಲ್ಲಿ ಒಬ್ಬರಿಗೊಬ್ಬರು ಕೈ ಮುಗಿದು, ವರ್ಷದಲ್ಲಿ ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ಆಮೇಲೆ ನೆಂಟರು, ಗೆಳೆಯರು, ಎಲ್ಲರ ಮನೆಗೂ ಹೋಗಿ ಕೇಳುವುದು. ಬಹಳ ದೊಡ್ಡ ಮಾತು ಅದು. ಆದರೆ ಯಾವ ತಪ್ಪು ಎಂದು ಹೇಳಬೇಕಾಗಿಲ್ಲ. ಎಲ್ಲ ತಪ್ಪಿಗೂ ಸೇರಿ ಒಂದೇ ಮಾತು, ಅದರೊಳಗೆ ಏನನ್ನು ಬೇಕಾದರೂ ಅಡಗಿಸಿಕೊಂಡು ಕೈ ಮುಗಿಯಬಹುದು. ಗೆಳೆತನವಾದಂದಿನಿಂದ ಕಾಶಿಯ ಹತ್ತಿರವೂ ಪ್ರತಿ ವರ್ಷ ಕೇಳುತ್ತಿದ್ದೆ. ಅವರು ಲಿಂಗಾಯತರು, ಅವರಲ್ಲಿ ಈ ಪದ್ಧತಿ ಇಲ್ಲ, ಅವನಿಗೆ ಇದು ಮೋಜು. ಯಾವುದಕ್ಕೆ ಎಂದು ಕೇಳುತ್ತಿದ್ದ. ಎಲ್ಲದಕ್ಕೂ ಎನ್ನುತ್ತಿದ್ದೆ. ನೀವು ವ್ಯಾಪಾರಸ್ಥರು ಕ್ಷಮೆಯನ್ನೂ ಠೋಕಿನಲ್ಲೇ ಕೇಳುತ್ತೀರಿ, ಚಿಲ್ಲರೆಯಾಗಿ ಹೇಳು ಎಂದು ಕಾಡುತ್ತಿದ್ದ. ಆಗೆಲ್ಲ ನಾನು, ನಿನ್ನ ವಹಿಗೆ ಚಹಾ ಚೆಲ್ಲಿದ್ದಕ್ಕೆ, ಮೂಡಲಗಿಯಲ್ಲಿ ಕೊನೆಯ ಗಿರ್ಮಿಟ್ಟು ನಾನೇ ತಿಂದದ್ದಕ್ಕೆ ಎಂದು ಬೆರಳು ಮಡಚಿ ಹೇಳುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು.

ಆ ವರ್ಷವೂ ಹೋದೆ. ಕೈ ಮುಗಿದೆ. ಯಾವುದಕ್ಕೆ ಎಂದ. ಎಲ್ಲದಕ್ಕೂ ಎಂದೆ. ಚಿಲ್ಲರೆ ಏನೂ ಇಲ್ಲವೇ ಎಂದು ಕೇಳಿದ. ಈ ವರ್ಷ ಏನೂ ಇಲ್ಲ ಎಂದೆ. ಅವನು ನಗಲಿಲ್ಲ. ದಣಿದಿದ್ದಾನೆ ಎಂದುಕೊಂಡೆ. ಎರಡನೆಯ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಕೈ ಮುಗಿದು ಬಂದ ಮೇಲೆ ನನಗೆ ತಪ್ಪು ತೀರಿತು ಎನ್ನಿಸುತ್ತಿತ್ತು. ಕೇಳಿದ್ದೇನಲ್ಲ, ಅವನು ಆತು ಬಿಡು ಎಂದಿದ್ದಾನಲ್ಲ. ಆರು ತಿಂಗಳು ಆ ಸಮಾಧಾನ ನಡೆಯುತ್ತಿತ್ತು. ಆಮೇಲೆ ಮನೆಯಲ್ಲಿ ಆ ನಾಲ್ಕನ್ನು ನೋಡಿದಾಗೆಲ್ಲ ಒಂದನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದೆ. ಬರಬರುತ್ತಾ ಜಪಾನಿನದನ್ನು ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟೆ. ಅದಕ್ಕಾಗಿ ಅಷ್ಟೆಲ್ಲ ಮಾಡಿ, ಕಡೆಗೆ ಅದರ ಮುಖ ನೋಡಲೂ ಆಗದಂತಾಯಿತು.

ಮೂರನೆಯ ಕ್ಷಮಾವಾಣಿಯ ಹೊತ್ತಿಗೆ ಕಾಶಿಯ ದನಿ ಇಳಿದುಹೋಗಿತ್ತು. ಮುಖದ ಹತ್ತಿರ ಕಿವಿ ಒಯ್ಯಬೇಕಾಗಿತ್ತು. ಹೇಳಿಯೇ ಬಿಡುವುದೆಂದು ದೇವರಾಣೆ ಮಾಡಿಕೊಂಡು ಹೋಗಿದ್ದೆ. ಕೈ ಮುಗಿದು ಅದೇ ಮಾತು ಹೇಳಿದೆ. ಈ ಸಲ ಅವನು ಯಾವುದಕ್ಕೆ ಎಂದು ಕೇಳಲಿಲ್ಲ.

‘ಠೋಕಿನಾಗ ಬ್ಯಾಡ, ದತ್ತಣ್ಣ,’ ಎಂದ. ‘ಬಿಡಿಯಾಗಿ ಕೇಳು. ಕೊಡ್ತೀನಿ.’

ಗಾಡಿ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಶಿವಾನಿ ಚಹಾ ತಂದಳು. ನಾನು ಕಪ್ಪು ಕೈಗೆ ತಗೊಂಡು, ಇವತ್ತು ಘಟಪ್ರಭಾದಲ್ಲಿ ಬಸ್ಸು ಎಷ್ಟು ತಡಮಾಡಿತು ಎನ್ನುವುದನ್ನು ಹೇಳಲು ಶುರುಮಾಡಿದೆ. ಚಹಾ ಮುಗಿಯುವ ತನಕ ಬಸ್ಸಿನದೇ ಮಾತು. ಕಾಶಿ ಪೂರ್ತಿ ಕೇಳಿದ, ಕೇಳಿ ಕಣ್ಣು ಮುಚ್ಚಿಕೊಂಡ. ಮುಂದಿನ ಸಲ ಬಂದಾಗ ಖಂಡಿತ ಹೇಳುತ್ತೇನೆ ಎಂದುಕೊಂಡು ಎದ್ದೆ. ಆಮೇಲೆ ಹೋದಾಗೆಲ್ಲ ಅವನು ನಿದ್ದೆಯಲ್ಲಿರುತ್ತಿದ್ದ, ಇಲ್ಲವೆ ಯಾರಾದರೂ ಕೂತಿರುತ್ತಿದ್ದರು. ಕುಂಟು ನೆವಕ್ಕೆ ಬರವೇ ಇರಲಿಲ್ಲ.

ಫೆಬ್ರವರಿಯಲ್ಲಿ ಕಾಲೇಜಿನ ಆಫೀಸಿಗೆ ಫೋನು ಬಂತು. ಬೆಳಿಗ್ಗೆ ಕಾಶಿ ತೀರಿಕೊಂಡಿದ್ದ. ಅರಭಾವಿಯಿಂದ ನೇರ ಹುಕ್ಕೇರಿಗೆ ಹೋಗಬೇಕಾದವನು ಮೊದಲು ಗೋಕಾಕಕ್ಕೆ ಬಂದು ಟ್ರಂಕು ತೆಗೆದು, ಜಪಾನಿನದನ್ನು ಬಗಲಚೀಲದಲ್ಲಿ ಹಾಕಿಕೊಂಡೆ. ಹೆಂಗಾದರೂ ಗೂಡಿನಲ್ಲಿ ಇಟ್ಟು, ನಕಲನ್ನು ತಗೊಂಡು ಬಂದುಬಿಡುವುದು ಎನ್ನುವುದು ವಿಚಾರ. ಹಾಗೆ ಹೋಗಿ ಬಂದದ್ದರಿಂದ ತಡವಾಯಿತು. ಮನೆ ಮುಟ್ಟಿದಾಗ ಅವನನ್ನು ಕೂಡ್ರಿಸಿ ಹೊತ್ತ ಹೂವಿನ ವಿಮಾನ ಆಗಲೇ ಓಣಿ ದಾಟಿತ್ತು. ಮನೆಯೊಳಗೆ ಹೊಕ್ಕು ನೋಡಿದೆ. ಗೂಡು ಖಾಲಿ.

ರುದ್ರಭೂಮಿಗೆ ಓಡಿದೆ. ಅವರಲ್ಲಿ ಸುಡುವುದಿಲ್ಲ, ಕುಣಿಯಲ್ಲಿ ಕೂಡ್ರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಕೊಡುತ್ತಾರೆ. ಕಾಶಿಯನ್ನು ಕೂಡ್ರಿಸಿ ಆಗಿತ್ತು. ಶಿವಾನಿ ಒಂದು ಖಣದ ಬಟ್ಟೆಯಲ್ಲಿ ಸುತ್ತಿದ್ದನ್ನು ಅಪ್ಪನ ಕೈಗೆ ಕೊಟ್ಟಳು. ವೀರಪ್ಪ ಕುಣಿಗೆ ಇಳಿದು ಬಟ್ಟೆ ಬಿಚ್ಚಿದರು. ನಾನು ಮಾಡಿದ ಗಾಡಿ. ಚಿತ್ರಗಾರರ ಕೆಂಪು ಬಿಸಿಲಿಗೆ ಹೊಳೆಯಿತು. ಸ್ವಾಮಿಗಳು ಏನೋ ಅನ್ನಲು ಹೋಗಿ, ಗೌರವ್ವನ ಮುಖ ನೋಡಿ ಸುಮ್ಮನಾದರು. ವೀರಪ್ಪ ಅದನ್ನು ಮಗನ ತೊಡೆಯ ಪಕ್ಕ ಇಟ್ಟು ಮೇಲೆ ಬಂದರು.

ನನ್ನ ಬಗಲಚೀಲದಲ್ಲಿ ಅವನ ಖರೆ ಗಾಡಿ ಇತ್ತು, ನಾಲ್ಕು ಮಾರು ದೂರದಲ್ಲಿ ಸುಳ್ಳು ಗಾಡಿಯ ಜೊತೆ ಅವನು ಕೂತಿದ್ದ. ತಡೀರಿ ಎಂಬ ಒಂದು ಮಾತು ಸಾಕಾಗಿತ್ತು. ಸುತ್ತ ನೂರು ಜನ. ನಾಚಿಕೆಯಾಯಿತು, ಮತ್ತೇನೂ ಅಲ್ಲ, ಬರೀ ನಾಚಿಕೆ. ಸರದಿ ಬಂದಾಗ ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದೆ.

ಆ ವರ್ಷದ ಕ್ಷಮಾವಾಣಿ ಬಂತು. ಬಸದಿಯಲ್ಲಿ ಎಲ್ಲರ ಹತ್ತಿರ ಕೇಳುತ್ತಾ ಬಂದೆ, ನಮ್ಮವ್ವನ ಮುಂದೆ ಬಂದಾಗ ಮಾತೇ ಹೊರಡಲಿಲ್ಲ. ಆಕೆ ನನ್ನನ್ನು ಮೇಲೆ ಕೆಳಗೆ ನೋಡಿ, ಯಾರ ಹತ್ತಿರ ಕೇಳುವುದು ಉಳಿದಿದೆಯೋ ಅಲ್ಲಿಗೆ ಮೊದಲು ಹೋಗು ಎಂದಳು. ಮಧ್ಯಾಹ್ನದ ಬಸ್ಸಿಗೆ ಹುಕ್ಕೇರಿಗೆ ಹೋದೆ. ಚೀಲದಲ್ಲಿ ಗಾಡಿ ಇತ್ತು.

ಗೌರವ್ವ ಮಶಿನ್ನಿನ ಮೇಲೆ ಕೂತು ಕುಪ್ಪಸದ ತೋಳು ಜೋಡಿಸುತ್ತಿದ್ದಳು. ಕಾಟು ತೆಗೆದುಬಿಟ್ಟಿದ್ದರು. ಅದು ಇದ್ದ ಕಡೆ ನೆಲದಲ್ಲಿ ನಾಲ್ಕು ಕಾಲಿನ ಕಲೆ ಮಾತ್ರ ಇತ್ತು. ಮಶಿನ್ನು ಇನ್ನೂ ಆ ಖಾಲಿ ಜಾಗದ ಬಾಜೂಕೇ ಇತ್ತು. ಬಾ ಎಂದು ಹೇಳಿ ಮಣೆ ತೋರಿಸಿದಳು. ನಾನು ಕೂಡಲಿಲ್ಲ. ನಿಂತೇ ಕೈ ಮುಗಿದು, ಈ ಸಲ ಠೋಕಿನಲ್ಲಿ ಕೇಳಲಿಲ್ಲ. ಹದಿನೈದು ದಿನಕ್ಕೆಂದು ಒಯ್ದದ್ದು, ಸೀಸದ ಗುಂಡು, ಟೊಮೇಟೊದ ಬಣ್ಣ, ಸೈಕಲ್ ಟ್ಯೂಬು, ಸೂಜಿಯ ಮೆಟ್ಟಿಲು, ಒಂದೊಂದನ್ನೂ ಬಿಡಿಯಾಗಿ ಹೇಳಿದೆ. ಅವನಿಗೆ ಒತ್ತಲು ಆಗುವುದಿಲ್ಲ, ಗೊತ್ತಾಗುವುದಿಲ್ಲ ಎಂದುಕೊಂಡದ್ದನ್ನೂ ಹೇಳಿದೆ. ಹೇಳಿ ಗಾಡಿಯನ್ನು ತೆಗೆದು ಮಶಿನ್ನಿನ ಹಲಗೆಯ ಮೇಲಿಟ್ಟೆ.

ಗೌರವ್ವ ದಾರ ಕತ್ತರಿಸಿ, ಕುಪ್ಪಸ ಮಡಚಿ ಪಕ್ಕಕ್ಕೆ ಇಟ್ಟಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

‘ಅವಂಗ ಒತ್ತಾಕ ಆಗ್ತಿರಲಿಲ್ಲ, ಖರೆ,’ ಎಂದಳು. ‘ನಾ ಒತ್ತತಿದ್ದೆ.’

ನನಗೆ ತಕ್ಷಣ ತಿಳಿಯಲಿಲ್ಲ. ಆಕೆ ಸಾವಕಾಶ ಹೇಳಿದಳು. ದಿನಾ ಸಂಜೆ ಹೊಲಿಗೆ ಮುಗಿಸಿ ಎದ್ದಾಗ, ಅವ್ವಾ ಒಮ್ಮೆ ಒತ್ತು ಎನ್ನುತ್ತಿದ್ದನಂತೆ. ಈಕೆ ಒತ್ತುವುದು, ಮುಷ್ಟಿ ಹಾರಿ ಕ್ಯಾಲೆಂಡರಿಗೆ ಬಡಿದು ಕಾಟಿನ ಬುಡಕ್ಕೆ ಉರುಳುವುದು, ಈಕೆ ಮಂಡಿಯೂರಿ ಅದನ್ನು ಹುಡುಕುತ್ತಾ ಬೈಯುವುದು, ಅವನು ಮೇಲೆ ಮಲಗಿಕೊಂಡು ನಗುವುದು. ಬೇನೆ ಬಂದ ಮೇಲೆ ಅವನು ದನಿ ತೆಗೆದು ನಗುತ್ತಿದ್ದದ್ದು ಅದೊಂದಕ್ಕೆ. ನಾನು ತಂದಿಟ್ಟು ಹೋದ ದಿನ ಸಂಜೆಯೂ ಒತ್ತಿದಳು. ಹಾರಲಿಲ್ಲ. ಮತ್ತೆ ಒತ್ತಿದಳು. ಕೆಟ್ಟಿದೆ, ರಿಪೇರಿಗೆ ಕಳಿಸೋಣ ಎಂದಳು. ಕೆಟ್ಟಿಲ್ಲ, ಇದು ದತ್ತಣ್ಣನದು, ನನ್ನದು ಅವನ ಹತ್ತಿರ ಇದೆ ಎಂದನಂತೆ ಕಾಶಿ. ಈಕೆಗೆ ಸಿಟ್ಟು ನೆತ್ತಿಗೇರಿ, ಗೋಕಾಕಕ್ಕೆ ಬಂದು ನನ್ನ ಮಾನ ಕಳೆಯಲು ಸೀರೆ ಉಟ್ಟುಕೊಂಡು ನಿಂತಿದ್ದಳಂತೆ. ಅವನೇ ಬೇಡವೆಂದು ತಡೆದ. ತಾನಾಗಿ ಹೇಳುತ್ತಾನೆ, ಅವರಲ್ಲಿ ಕೇಳುವ ಪದ್ಧತಿ ಇದೆ ಎಂದ.

‘ನಿಮ್ಮ ಕ್ಷಮಾದ ದಿನ ಬೆಳಿಗ್ಗಿಂದ ದಾರಿ ನೋಡ್ತಿದ್ದ,’ ಎಂದಳು ಗೌರವ್ವ. ‘ಇವತ್ತ ಹೇಳ್ತಾನವ್ವ ಅಂತಿದ್ದ. ನೀ ಚಾ ಕುಡದು ಹ್ವಾದ ಮ್ಯಾಲ, ಬರೂ ವರ್ಷ ಹೇಳ್ತಾನ ಅಂತಿದ್ದ. ಮೂರೂ ವರ್ಷ.’

ಸಾಯುವ ಮೊದಲು ಆ ಸುಳ್ಳು ಗಾಡಿಯನ್ನು ತನ್ನ ಜೋಡಿ ಇಡಲು ಹೇಳಿದ್ದೂ ಅವನೇ. ಯಾರಾದರೂ ನೋಡಿ ಫರಕು ಹಿಡಿದರೆ ದತ್ತಣ್ಣನಿಗೆ ಕೆಟ್ಟ ಹೆಸರು ಎಂದಿದ್ದನಂತೆ. ಇದನ್ನು ಕೇಳಿದ ಮೇಲೆ ಗೋಡೆ ಹಿಡಿದು ಕೂತೆ. ಅತ್ತೆ, ಎಷ್ಟು ಹೊತ್ತು ಅತ್ತೆನೋ. ಗೌರವ್ವ ಸಮಾಧಾನ ಹೇಳಲಿಲ್ಲ. ನನ್ನದು ಮುಗಿಯುವ ತನಕ ಚೂರು ದಾರಗಳನ್ನು ಆರಿಸುತ್ತಾ ಕೂತಿದ್ದಳು. ಮೂಗು ಒರೆಸಿಕೊಂಡು ಮತ್ತೆ ಕೈ ಮುಗಿದೆ.

‘ಅವ ಕ್ಷಮಾ ಮಾಡಿ ಹ್ವಾದ,’ ಎಂದಳು. ‘ನನ್ನ ಕೈಲೆ ಇನ್ನೂ ಆಗವಲ್ದು, ತಮ್ಮಾ. ಎರಡೂವರಿ ವರ್ಷ ದಿನಾ ಸಂಜಿಮುಂದ ಅದನ್ನ ಒತ್ತೇನಿ. ಇವತ್ತರ ಹಾರತೈತೇನೋ ಅಂತ.’

ಹೊರಗೆ ಹೊತ್ತು ಇಳಿಯುತ್ತಿತ್ತು, ಶಿವಾನಿ ಇನ್ನೂ ಬಂದಿರಲಿಲ್ಲ. ಗೌರವ್ವ ಗಾಡಿಯ ಕಡೆ ನೋಡಿ, ಅದನ್ನು ನಿಲ್ಲಿಸು ಎಂದಳು. ಏಣಿ ಮಡಚಿದೆ, ಬಾಗಿಲು ಹೊರಳಿಸಿದೆ, ಹತ್ತೊಂಬತ್ತನ್ನೂ ತಪ್ಪದೆ ಹಾಕಿದೆ. ರೋಬೋ ನಿಂತಿತು. ಗೂಡಿನಲ್ಲಿಟ್ಟು ಕ್ಯಾಲೆಂಡರಿನ ಕಡೆ ಹೊರಳಿಸಿದೆ. ಆಕೆ ಎದ್ದು ಬಂದು, ಹುಡುಕದೆಯೇ ಭುಜದ ಕೆಳಗಿನ ಗುಂಡಿಗೆ ಹೆಬ್ಬೆರಳು ಇಟ್ಟು ಒತ್ತಿದಳು.

ಮುಷ್ಟಿ ಹಾರಿತು. ಕ್ಯಾಲೆಂಡರಿಗೆ ಟಕ್ಕನೆ ಬಡಿದು, ಕೆಳಗೆ ಬಿದ್ದು ಉರುಳಿತು. ಗೌರವ್ವ ಸೀರೆಯ ನೆರಿಗೆ ಎತ್ತಿಕೊಂಡು ಮಂಡಿಯೂರಿದಳು. ತಲೆ ಒಂದು ಕಡೆ ವಾಲಿಸಿ, ಕೆನ್ನೆ ನೆಲಕ್ಕೆ ಹತ್ತುವಷ್ಟು ಬಗ್ಗಿ, ಇಲ್ಲದ ಕಾಟಿನ ಬುಡಕ್ಕೆ ಕೈ ಚಾಚಿ ತಡಕಾಡಿದಳು. ಮುಷ್ಟಿ ಬಯಲಲ್ಲೇ ಬಿದ್ದಿತ್ತು, ಆಕೆಯ ಕೈಯಿಂದ ಒಂದು ಗೇಣು ಆಚೆ. ಅದು ಆಕೆಗೆ ಕಾಣಲಿಲ್ಲ, ನಾನೂ ಹೇಳಲಿಲ್ಲ.